ಪಾಡ್‌ಕಾಸ್ಟಿನಲ್ಲಿ ಉಳಿದ ನನ್ನ ‘ಶ್...’

“ಇಲ್ಲಿ ಜೋರಾಗಿ ಮಾತಾಡಕ್ಕೆ ಬಾಯೇ ಬರಾಕಿಲ್ಲ ಸಾ” ಎಂದಳು ಕಥೆ ಹೇಳಲು ಕೂತಿದ್ದ ಹುಡುಗಿ ಭಾಗ್ಯ, ಮೈಕಿಗೂ ಕೇಳಿಸದ ಪಿಸುದನಿಯಲ್ಲಿ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ಹಾಸನದ ನಮ್ಮ ಮಕ್ಕಳ ಗ್ರಂಥಾಲಯದಲ್ಲಿ ಅಂದು ಪಾಡ್‌ಕಾಸ್ಟ್ ಶುರುವಾಗುತ್ತಿತ್ತು. ಮಕ್ಕಳು ಹೇಳುವ ಕಥೆಯನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಹಾಕಿದರೆ ಯಾರು ಬೇಕಾದರೂ, ಯಾವಾಗ ಬೇಕಾದರೂ ಕೇಳಬಹುದು. ಆ ಸಂಭ್ರಮದಲ್ಲಿ ನನಗೆ ಬೆಳಗಿನ ತಿಂಡಿಯೂ ಇಳಿದಿರಲಿಲ್ಲ.

ಆದರೆ ಮೂರು ಸಲ ರೆಕಾರ್ಡ್ ಮಾಡಿದರೂ ಬರೀ ಪಿಸುಮಾತು. ತಪ್ಪು ನನ್ನದೇ. ಗ್ರಂಥಪಾಲಕನಾಗಿ ಆ ಕೋಣೆಯಲ್ಲಿ ಒಬ್ಬರ ಕೆಮ್ಮನ್ನೂ ಸಹಿಸಿದವನಲ್ಲ ನಾನು. ಹಿಂದೊಮ್ಮೆ ಇದೇ ಭಾಗ್ಯಳನ್ನು ಜೋರಾಗಿ ಓದಿದ್ದಕ್ಕೆ ಹೊರಗೆ ಕಳಿಸಿದ್ದೆ.

“ನಿಮ್ಮೂರು ಕಟ್ಟಾಯದಲ್ಲಿ ನಿಮ್ಮಜ್ಜಿ ಎಮ್ಮೆನ ಹೆಂಗೆ ಕೂಗ್ತಾರೋ ಹಂಗೇ ಕೂಗು” ಎಂದೆ.

ಅವಳು ಕಣ್ಣು ಮುಚ್ಚಿ, ತಪ್ಪಿಸಿಕೊಂಡ ಎಮ್ಮೆಯನ್ನು ಅಜ್ಜಿ ಊರೆಲ್ಲ ಹುಡುಕಿದ ಕಥೆ ಶುರುಮಾಡಿದಳು. “ಲೇ ಕೆಂಚೀ, ಎಲ್ಲೋಗ್ಬುಟ್ಟೆಯೇ” ಎಂದು ಕೂಗಿದ ರಭಸಕ್ಕೆ ಕಿಟಕಿಯ ಪಾರಿವಾಳಗಳು ಹಾರಿಹೋದವು. ನನ್ನ ಬೆರಳು ತಾನಾಗಿಯೇ ತುಟಿಗೆ ಹೋಯಿತು. “ಶ್...” ಎಂದುಬಿಟ್ಟೆ.

ಭಾಗ್ಯ ಕಣ್ಣುಬಿಟ್ಟು ನನ್ನನ್ನೇ ನೋಡಿದಳು. ಎಲ್ಲ ಕೆಡಿಸಿದೆನಲ್ಲ ಎಂದುಕೊಂಡು ಬೆರಳನ್ನು ಕೆಳಗಿಳಿಸಿದೆ. ಅವಳು ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಮೊದಲಿಗಿಂತ ಜೋರಾಗಿ ಕೆಂಚಿಯನ್ನು ಕರೆದಳು.

ಆ ರೆಕಾರ್ಡಿಂಗನ್ನು ತಿದ್ದಲು ನಾನು ಹೋಗಲಿಲ್ಲ. ಈಗಲೂ ಕೇಳಿದರೆ ನಡುವೆ ನನ್ನ ‘ಶ್’ ಬರುತ್ತದೆ, ಅದರ ಹಿಂದೆಯೇ ಅವಳ ದನಿ. ಅವತ್ತು ಆ ಕೋಣೆಯಲ್ಲಿ ಸುಮ್ಮನಾದವನು ನಾನೊಬ್ಬನೇ.