ಹೆಬ್ಬೆರಳಿನ ಮೇಲೊಂದು ಅನುಮಾನ

ಚಹಾವನ್ನು ಕಪ್ಪಿನಿಂದ ಬಸಿಗೆ ಸುರುವಿಕೊಂಡು, ಒಂದೆರಡು ಸಲ ಊದಿ, ಸೊರ್ರೆಂದು ಹೀರುವುದು ನಮ್ಮ ಶಹಾಪುರದ ಕಡೆಯ ಪದ್ಧತಿ. ನೀವು ಯಾವ ಕಡೆಯವರೋ ನನಗೆ ಗೊತ್ತಿಲ್ಲ. ಆದರೆ ಹೀಗೆ ಕುಡಿಯದವರಿಗೆ ಚಹಾದ ಅರ್ಧ ಸುಖವೂ ದಕ್ಕಿಲ್ಲವೆಂದೇ ನನ್ನ ತೀರ್ಮಾನ. ಅಂಥ ನಾನು ಈ ಸಲ ದಸರೆ ಮುಗಿದ ಮೇಲೆ ಬಸಿಯನ್ನು ಮುಟ್ಟುವುದನ್ನೇ ಬಿಟ್ಟೆ. ಬಸಿಯೊಳಗಿನ ಚಹಾ ನಡುಗುವುದು ಅದೇ ಮೊದಲ ಬಾರಿಗೆ ನನ್ನ ಕಣ್ಣಿಗೆ ಬಿದ್ದಿತ್ತು. ಯಾರ ಬಸಿಯಲ್ಲಾದರೂ ಚಹಾ ಅಷ್ಟಿಷ್ಟು ಅಲುಗಿಯೇ ಅಲುಗುತ್ತದೆ ಎಂಬ ಸಾಮಾನ್ಯ ತಿಳಿವಳಿಕೆ ಹೆದರಿದ ಮನುಷ್ಯನಿಗೆ ಎಲ್ಲಿಂದ ಬರಬೇಕು! ನನ್ನ ಅಪ್ಪನಿಗೆ ಕೈನಡುಕದ ರೋಗವಿತ್ತು. ಅದು ನನಗೂ ಬಂತೇ ಎಂಬ ಹೆದರಿಕೆ ನನ್ನಲ್ಲಿ ಹುಟ್ಟಿದ್ದು ಆಸ್ಪತ್ರೆಯಲ್ಲಲ್ಲ, ಆಟಿಕೆಯ ಕಾರುಗಳನ್ನು ಓಡಿಸುವ ಒಂದು ಹಲಗೆಯ ಪಕ್ಕದಲ್ಲಿ ಎಂದರೆ ನೀವು ನಗುತ್ತೀರಿ. ನಗಿ, ಈಗ ನಾನೂ ನಗಬಲ್ಲೆ.

ಮೊದಲು ಆ ಹಲಗೆಯ ಕಥೆ ಹೇಳುತ್ತೇನೆ. ನಮ್ಮೂರಿನಲ್ಲಿ ಪ್ಲೈವುಡ್ ಅಂಗಡಿ ಇಟ್ಟಿರುವ ಮಲ್ಲಣ್ಣ ಒಮ್ಮೆ ಹೈದರಾಬಾದಿಗೆ ಮಾಲು ತರಲು ಹೋದವನು, ಅಲ್ಲಿ ಯಾರದೋ ಮನೆಯ ಮಹಡಿಯಲ್ಲಿ ಸ್ಲಾಟ್ ಕಾರುಗಳ ಓಟ ನೋಡಿ, ಮಾಲಿನ ಜೊತೆಗೆ ಆ ಹುಚ್ಚನ್ನೂ ಲಾರಿಗೆ ಹೇರಿಸಿಕೊಂಡು ಬಂದ. ಅಂಗಡಿಯ ಮೇಲಿನ ಕೋಣೆಯಲ್ಲಿ ಹಲಗೆಗಳನ್ನು ಜೋಡಿಸಿ, ಅದರಲ್ಲಿ ಹಾವಿನಂತೆ ಸುತ್ತಿ ಬಳಸಿ ಬರುವ ನಾಲ್ಕು ಸಣ್ಣ ತೋಡುಗಳನ್ನು ಕೊರೆಸಿ, ಪ್ರತಿ ತೋಡಿನ ಎರಡೂ ದಂಡೆಗೆ ತಾಮ್ರದ ಪಟ್ಟಿ ಅಂಟಿಸಿ ಕರೆಂಟು ಕೊಟ್ಟ. ಅಂಗೈಯುದ್ದದ ಕಾರು, ಅದರ ಮೂತಿಯ ಕೆಳಗಿನ ಸಣ್ಣ ಗೂಟ ತೋಡಿನೊಳಗೆ ಕೂಡುತ್ತದೆ, ಗೂಟದ ಅಕ್ಕಪಕ್ಕದ ತಾಮ್ರದ ಜಡೆಗಳು ಪಟ್ಟಿಯಿಂದ ಕರೆಂಟು ಹೀರುತ್ತವೆ. ಸ್ಟೇರಿಂಗ್ ಇಲ್ಲ, ಗೇರಿಲ್ಲ, ಹಾರ್ನೂ ಇಲ್ಲ. ಓಡಿಸುವವನ ಮುಷ್ಟಿಯಲ್ಲಿ ವೈರು ಕಟ್ಟಿದ ಕಂಟ್ರೋಲರ್ ಒಂದಿರುತ್ತದೆ, ಅದರ ತಲೆಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದಷ್ಟೂ ವೇಗ, ಬಿಟ್ಟಷ್ಟೂ ನಿಧಾನ. ತಿರುವಿನಲ್ಲಿ ಒಂದು ಎಳ್ಳಿನಷ್ಟು ಹೆಚ್ಚು ಒತ್ತಿದರೆ ಕಾರು ಹಾರಿ ಗೋಡೆ ಮುಟ್ಟುತ್ತದೆ, ಎಳ್ಳಿನಷ್ಟು ಕಡಿಮೆಯಾದರೆ ಹಿಂದೆ ಬೀಳುತ್ತದೆ. ಇಷ್ಟೇ ಆಟ. ಇಡೀ ವಿದ್ಯೆಯೆಲ್ಲ ಒಂದು ಹೆಬ್ಬೆರಳಿನಲ್ಲಿದೆ.

ನಮ್ಮ ಕ್ಲಬ್ಬೆಂದರೆ ಬೆರಳೆಣಿಕೆಯ ಜನ. ಮಲ್ಲಣ್ಣ, ಸುರಪುರದಿಂದ ಆದಿತ್ಯವಾರ ಮಧ್ಯಾಹ್ನದ ಬಸ್ಸಿಗೆ, ಊಟದ ಡಬ್ಬಿಯಲ್ಲಿ ಕಾರಿಟ್ಟುಕೊಂಡು ಬರುವ ಸರೋಜಾ ಟೀಚರ್, ನೀರಾವರಿ ಇಲಾಖೆಯಲ್ಲಿ ಕಾಲುವೆ ಕಾಯುತ್ತ ತಲೆ ಬೆಳ್ಳಗಾದ ನಾನು, ಮತ್ತೆ ಸೈದಾಪುರದ ಕಡೆಯ ಫ್ಯಾಕ್ಟರಿಗಳಿಂದ ಪಾಳಿ ಬಿಟ್ಟು ಬರುವ ಒಂದಿಬ್ಬರು. ಊರವರು ನಮಗೆ 'ಆಟಿಗಿ ಗಾಡಿ ಮಂದಿ' ಎನ್ನುತ್ತಾರೆ. ಅನ್ನಲಿ, ಅವರ ಕಾಲುವೆಗೆ ನೀರು ಬಿಡುವವನೂ ನಾನೇ ಅಲ್ಲವೇ!

ಕಾರನ್ನು ಆರಿಸುವುದು ಒಂದು ವಿವೇಕದ ಪರೀಕ್ಷೆ. ಹೊಸದಾಗಿ ಬಂದವರು ಬಣ್ಣ ನೋಡಿ ಮರುಳಾಗುತ್ತಾರೆ. ನಾನೂ ಹಾಗೆಯೇ ಮೊದಲು ಒಂದು ಕೆಂಪು, ಎತ್ತರದ, ರಾಜಗಾಂಭೀರ್ಯದ ಕಾರನ್ನು ತರಿಸಿದೆ, ಅದು ಮೊದಲ ತಿರುವಿನಲ್ಲೇ ಸಾಷ್ಟಾಂಗ ನಮಸ್ಕಾರ ಹಾಕಿತು. ಎತ್ತು ಕೊಳ್ಳುವಾಗ ಕೊಂಬು ನೋಡಬೇಡ, ಗೊರಸು ನೋಡು ಎನ್ನುತ್ತಿದ್ದರು ನಮ್ಮ ಹಿರಿಯರು; ಕಾರಿಗೂ ಅದೇ ಮಾತು. ಅಗಲವಾದ, ನೆಲವನ್ನು ತಬ್ಬಿದಂತಿರುವ, ನೋಡಲು ತುಸು ಮೊದ್ದಾದ ಕಾರೇ ಕೊನೆಗೆ ಗೆಲ್ಲುತ್ತದೆ. ಎರಡನೆಯ ಸಲ ಅಂಥದೊಂದು ಬೂದುಬಣ್ಣದ ಬಡಪಾಯಿಯನ್ನು ತರಿಸಿದೆ. ಅದರ ಟಯರುಗಳನ್ನು ಉಸುಕಿನ ಕಾಗದದ ಮೇಲೆ ತಿರುಗಿಸಿ ತಿರುಗಿಸಿ ಗುಂಡಗೆ ಮಾಡಿದೆ. ಹಲ್ಲುಚಕ್ರಗಳ ನಡುವೆ ತೆಳ್ಳನೆಯ ಹಾಳೆಯೊಂದು ಹಿಡಿಸುವಷ್ಟು ಸಂದು ಬಿಟ್ಟೆ. ನಾರಾಯಣಪುರದ ಕ್ವಾರ್ಟರ್ಸಿನಲ್ಲಿದ್ದಾಗ ಪರಿಚಯವಾದ ಮೀನುಗಾರನೊಬ್ಬನಿಂದ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತಂದು, ಬಡಿದು ಚಪ್ಪಟೆ ಮಾಡಿ, ಕಾರಿನ ಹೊಟ್ಟೆಯೊಳಗೆ ಅಂಟಿಸಿದೆ. ಕೃಷ್ಣೆಯ ತಳದಲ್ಲಿ ಬಲೆಯನ್ನು ಹಿಡಿದಿಡುವ ತೂಕವೇ ಶಹಾಪುರದ ಮಹಡಿಯ ಮೇಲೆ ನನ್ನ ಕಾರನ್ನು ಹಲಗೆಗೆ ಹಿಡಿದಿಟ್ಟಿತು. ಇನ್ನೊಂದು ಗುಟ್ಟಿದೆ: ಕಾರಿನ ಮೈಯನ್ನು ತಳಕ್ಕೆ ಬಿಗಿದಿರುವ ಸ್ಕ್ರೂಗಳನ್ನು ತುಸು ಸಡಿಲ ಬಿಡಬೇಕು. ಪೂರ್ತಿ ಬಿಗಿದರೆ ತಿರುವಿನ ಪೆಟ್ಟೆಲ್ಲ ಚಕ್ರಕ್ಕೆ ಬಡಿದು ಕಾರು ಎಗರುತ್ತದೆ; ಸಡಿಲವಿದ್ದರೆ ಮೈ ತಾನೇ ಅಲುಗಿ ಆ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಇದನ್ನು ಕಲಿತ ದಿನ ನನಗೆ ಬಹಳ ಸಂತೋಷವಾಗಿತ್ತು, ಯಾಕೆಂದರೆ ಸ್ವಭಾವತಃ ನಾನು ಬಿಗಿಯುವ ಮನುಷ್ಯ.

ದಸರೆಯ ನಂತರದ ಮೊದಲ ಆದಿತ್ಯವಾರ ನನ್ನ ಕಾರಿಗೆ ಬಿಕ್ಕಳಿಕೆ ಶುರುವಾಯಿತು. ನೇರ ದಾರಿಯಲ್ಲಿ ಚೆನ್ನಾಗಿ ಹೊರಟದ್ದು ತಟಕ್ಕನೆ ನಿಲ್ಲುವುದು, ಮತ್ತೆ ಜಿಗಿಯುವುದು, ತಿರುವಿನಲ್ಲಿ ಮುಗ್ಗರಿಸುವುದು. ಜಡೆ ಒರೆಸಿದೆ, ಹೊಸ ಜಡೆ ಹಾಕಿದೆ. ಟಯರು ಬದಲಿಸಿದೆ. ಎಣ್ಣೆಯ ಹನಿ ಬಿಟ್ಟೆ, ಹೆಚ್ಚಾಯಿತೇನೋ ಎಂದು ಒರೆಸಿ ತೆಗೆದೆ. ಸೀಸವನ್ನು ಹಿಂದೆ ಸರಿಸಿದೆ, ಮುಂದೆ ಸರಿಸಿದೆ. ಮನೆಯ ಮೇಜಿನ ಮೇಲೆ ಬ್ಯಾಟರಿಗೆ ಹಚ್ಚಿ ನೋಡಿದರೆ ಕಾರಿನ ಮೋಟರು ದುಂಬಿಯಂತೆ ಒಂದೇ ಸಮನೆ ಹಾಡುತ್ತಿತ್ತು. ಕ್ಲಬ್ಬಿಗೆ ಹೋಗಿ ಹಲಗೆಯ ಮೇಲಿಟ್ಟರೆ ಮತ್ತೆ ಅದೇ ಬಿಕ್ಕಳಿಕೆ.

ಇಲ್ಲಿ ನಮ್ಮ ಕ್ಲಬ್ಬಿನ ಒಂದು ಕಟ್ಟಳೆಯನ್ನು ಹೇಳಬೇಕು. 'ನಿನ್ನ ಕಾರು ಚಲೋ ಅದ, ಅದಕ್ಕ ಗೆದ್ದಿ' ಎಂಬ ಜಗಳ ಹುಟ್ಟಬಾರದೆಂದು ಓಟಕ್ಕೆ ಮುಂಚೆ ಒಂದು ಅದಲಿ-ಬದಲಿ ಸುತ್ತು ಇರುತ್ತದೆ. ನನ್ನ ಕಾರನ್ನು ನೀವು, ನಿಮ್ಮದನ್ನು ನಾನು ಓಡಿಸಬೇಕು. ಕಾರುಗಳು ಮಾತ್ರ ಬದಲಾಗುತ್ತವೆ; ಕಂಟ್ರೋಲರ್ ಅವರವರದೇ. ಅದರ ಗುಂಡಿಯ ಬಿಗಿ ಸಡಿಲು ಅವರವರ ಹೆಬ್ಬೆರಳಿಗೆ ಚಪ್ಪಲಿಯಂತೆ ಒಗ್ಗಿಹೋಗಿರುತ್ತದೆ, ಇನ್ನೊಬ್ಬರದಕ್ಕೆ ಯಾರೂ ಕೈ ಹಾಕುವುದಿಲ್ಲ.

ಆ ಸುತ್ತಿನಲ್ಲಿ ಮಲ್ಲಣ್ಣ ನನ್ನ ಬೂದು ಕಾರನ್ನು ತಾನು ತೆಗೆದುಕೊಂಡು, ತನ್ನದನ್ನು ನನಗೆ ಕೊಟ್ಟ. ನಾನು ನನ್ನ ಕಾರಿನ ಕಡೆಯೇ ನೋಡುತ್ತಿದ್ದೆ. ಅದು ಒಮ್ಮೆಯೂ ಬಿಕ್ಕಲಿಲ್ಲ.

"ಬೆಣ್ಣಿ ಹಂಗ ಹೊಂಟದಲ್ರಿ ಸಾಹೇಬ್ರ ನಿಮ್ಮ ಗಾಡಿ! ಏನ್ ಆಗ್ಯಾದ ಅಂತ ಫಿಕರ್ ಮಾಡ್ತೀರಿ?" ಎಂದ ಮಲ್ಲಣ್ಣ.

ನನ್ನ ಕೈಯಲ್ಲಿ ಅವನ ಕಾರು ಬಿಕ್ಕುತ್ತಿತ್ತು. ಮರುವಾರ ಸರೋಜಾ ಟೀಚರ್ ಅವರ ಕಾರೂ ನನ್ನ ಕೈಯಲ್ಲಿ ಹಾಗೆಯೇ ಬಿಕ್ಕಿತು. ಕಾರು ಯಾವುದಾದರೂ ಆಗಲಿ, ಓಡಿಸುವವನು ನಾನಾದರೆ ಅದು ತಡವರಿಸುತ್ತದೆ. ನಾನು ಬಿಟ್ಟರೆ ಸರಾಗವಾಗಿ ಓಡುತ್ತದೆ. ಹಾಗಾದರೆ ಕೆಟ್ಟಿರುವುದು ಯಾವುದು? ಲೆಕ್ಕ ಬಹಳ ಸರಳವಾಗಿತ್ತು. ನಾನು ಕೈಯನ್ನು ಜೇಬಿಗೆ ಹಾಕಿಕೊಂಡೆ.

ನನ್ನ ಅಪ್ಪ ಸುರಪುರದಲ್ಲಿ ದರ್ಜಿಯಾಗಿದ್ದ. ಅವನ ನಡುಕವೂ ಹೆಬ್ಬೆರಳಿನಿಂದಲೇ ಮೊದಲಾಗಿತ್ತು, ಅದನ್ನು ಅವನು ಬಹಳ ದಿನ ಯಾರಿಗೂ ಹೇಳಲಿಲ್ಲ. ಸೂಜಿಗೆ ದಾರ ಪೋಣಿಸುವಾಗ ಬೆಳಕು ಸಾಲದೆಂದು ಗೊಣಗುತ್ತಿದ್ದ, ಕಿಟಕಿಯ ಹತ್ತಿರ ಮಿಷನ್ ಸರಿಸಿದ, ಹೊಸ ಕನ್ನಡಕ ತಂದ. ಕುಳಿತಾಗ ಬಲಗೈಯನ್ನು ತೊಡೆಯ ಮೇಲಿನ ಬಟ್ಟೆಯ ಕೆಳಗೆ ಸರಿಸಿ ಇಡುತ್ತಿದ್ದ. ಬಟ್ಟೆ ಆಗಾಗ ಅಲುಗುತ್ತಿತ್ತು, ನಾವು ಗಾಳಿ ಎಂದುಕೊಂಡಿದ್ದೆವು. ಕೊನೆಕೊನೆಗೆ ತುತ್ತು ಬಾಯಿಗೆ ತಲುಪುವುದೂ ಕಷ್ಟವಾಗಿ, ನನ್ನ ಹೆಂಡತಿ ನೀಲಮ್ಮನೇ ಅವನಿಗೆ ಕಲಸಿ ಉಣಿಸಿದಳು. ಅದನ್ನೆಲ್ಲ ಕಂಡವಳಿಗೆ ನಾನು ಹೋಗಿ ಏನೆಂದು ಹೇಳಲಿ? ಟಯರು ಬದಲಿಸಿದಂತೆ ನಾನೂ ನೆಪಗಳನ್ನು ಬದಲಿಸುತ್ತ ಹೋದೆ. ಬಸಿ ಬೇಡ, ಕಪ್ಪಿನಲ್ಲೇ ಕುಡಿಯುತ್ತೇನೆ ಎಂದೆ. ಗಡ್ಡವನ್ನು ಅಂಗಡಿಯಲ್ಲಿ ಮಾಡಿಸಿಕೊಂಡೆ. ಸಹಿ ಮಾಡುವಾಗ ಅಕ್ಷರ ಡೊಂಕಾಯಿತೇ ಎಂದು ನೋಡುತ್ತಿದ್ದೆ. ಹಾಗೆ ನೋಡುತ್ತ ಬರೆದ ಅಕ್ಷರ ಡೊಂಕಾಗದೆ ಇರುತ್ತದೆಯೇ? ಕೊನೆಗೆ ಕಲಬುರಗಿಯಲ್ಲಿ ಡಾಕ್ಟರ ಹತ್ತಿರ ಸೋಮವಾರಕ್ಕೆ ಹೆಸರು ಬರೆಸಿ, ಮನೆಯಲ್ಲಿ ಆಫೀಸಿನ ಕೆಲಸವೆಂದು ಸುಳ್ಳು ಹೇಳಿದೆ.

ಆ ಸೋಮವಾರದ ಹಿಂದಿನ ದಿನ ಕ್ಲಬ್ಬಿಗೆ ಹೋದದ್ದು ಆಡಲಿಕ್ಕಲ್ಲ, ಕಾರನ್ನೂ ಸೀಸವನ್ನೂ ಮಲ್ಲಣ್ಣನಿಗೆ ಕೊಟ್ಟು ಬಂದುಬಿಡೋಣವೆಂದು. ಅಲ್ಲಿ ನೋಡಿದರೆ ಸರೋಜಾ ಟೀಚರ್ ಹಣೆಗೆ ಕೈ ಹಚ್ಚಿಕೊಂಡು ಕುಳಿತಿದ್ದರು. ಬಸ್ಸಿನ ನೂಕುನುಗ್ಗಲಿನಲ್ಲಿ ಅವರ ಕಂಟ್ರೋಲರಿನ ವೈರು ಕಿತ್ತುಹೋಗಿತ್ತು.

"ನಂದು ತಗೋರಿ ಟೀಚರ್," ಎಂದೆ, "ನಾ ಇವತ್ತ ಆಡಾಂಗಿಲ್ಲ."

"ನಿಮ್ದು ನಮ್ಮ ಕೈಗಿ ಒಗ್ಗತದೋ ಇಲ್ಲೋ," ಎನ್ನುತ್ತಲೇ ತೆಗೆದುಕೊಂಡರು. ಓಟ ಶುರುವಾಯಿತು. ಟೀಚರ್ ಅವರ ಕಾರು ನೇರ ದಾರಿಯಲ್ಲಿ ಚೆನ್ನಾಗಿ ಹೊರಟದ್ದು ತಟಕ್ಕನೆ ನಿಂತಿತು, ಜಿಗಿಯಿತು, ತಿರುವಿನಲ್ಲಿ ಮುಗ್ಗರಿಸಿ ಹಾರಿ ಮಲ್ಲಣ್ಣನ ಪಾದದ ಬಳಿ ಬಿತ್ತು. ನಾನು ಕುರ್ಚಿಯಿಂದ ಎದ್ದು ನಿಂತೆ.

"ಏನ್ರಿ ಸಾಹೇಬ್ರ ಇದು? ನಿಮ್ಮ ಕಂಟ್ರೋಲರಿಗಿ ಜ್ವರ ಬಂದಾದ ನೋಡ್ರಿ!" ಎಂದ ಮಲ್ಲಣ್ಣ.

"ಟೀಚರ್, ಇನ್ನೊಮ್ಮಿ ಓಡಸ್ರಿ," ಎಂದೆ.

ಇನ್ನೊಮ್ಮೆ ಓಡಿಸಿದರು, ಕಾರು ಇನ್ನೊಮ್ಮೆ ಬಿಕ್ಕಿತು. ಅದೇ ಕಂಟ್ರೋಲರ್ ಹಿಡಿದು ಮಲ್ಲಣ್ಣ ಓಡಿಸಿದ, ಅವನ ಕಾರೂ ಬಿಕ್ಕಿತು. ಬಿಕ್ಕಳಿಕೆ ಇಷ್ಟು ಮಧುರವಾದ ಶಬ್ದವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮಲ್ಲಣ್ಣ ಸ್ಕ್ರೂ ಬಿಚ್ಚಿ ಕಂಟ್ರೋಲರಿನ ಹೊಟ್ಟೆ ತೆರೆದ. ಒಳಗೆ ಸುರುಳಿ ತಂತಿಯ ಮೇಲೆ ಗುಂಡಿ ಒತ್ತಿದಂತೆಲ್ಲ ಜಾರುವ ತಗಡಿನ ನಾಲಿಗೆ ಇರುತ್ತದೆ. ಆ ತಂತಿಯ ಮೇಲೆ ಬೆಳ್ಳಗೆ, ಕೆಂಪಗೆ, ಒಣಗಿ ಗಟ್ಟಿಯಾದ ಪದರವೊಂದು ಕುಳಿತಿತ್ತು. ಅವನು ಅದನ್ನು ಉಗುರಿನಿಂದ ಕೆರೆದು ಮೂಸಿ ನೋಡಿದ.

"ಇಬತ್ತಿ ಅದರಿ ಸಾಹೇಬ್ರ. ಕುಂಕುಮಾನೂ ಅದ. ಯಾರು ಪೂಜಿ ಮಾಡ್ಯಾರ ಇದಕ್ಕ?"

ಯಾರು ಎಂದು ಬೇರೆ ಹೇಳಬೇಕೇ? ಮಹಾನವಮಿಯ ದಿನ ನಾನು ಕಾಲುವೆಯ ಮೇಲೆ ಡ್ಯೂಟಿಯಲ್ಲಿದ್ದೆ. ಪೂಜೆಯೆಲ್ಲ ನೀಲಮ್ಮನದೇ. ಹೊರಡುವ ಮುಂಚೆ ನಾನು, ಕಾರಿಗೆ ಮಾತ್ರ ಏನೂ ಹಚ್ಚಬೇಡ, ಕೆಡುತ್ತದೆ ಎಂದು ತಾಕೀತು ಮಾಡಿದ್ದೆ. ಅವಳು ಕಾರನ್ನು ಮುಟ್ಟಿಯೂ ಇರಲಿಲ್ಲ. ನೀರಿನಲ್ಲಿ ಕಲಸಿದ ವಿಭೂತಿಯನ್ನೂ ಕುಂಕುಮವನ್ನೂ ಕಂಟ್ರೋಲರಿನ ಗುಂಡಿಗೆ ಭಕ್ತಿಯಿಂದ ಬಳಿದು, ಮರುದಿನ ಹೊರಗೆಲ್ಲ ಒರೆಸಿ ಸ್ವಚ್ಛ ಮಾಡಿ ಇಟ್ಟಿದ್ದಳು. ಒಳಗಿಳಿದದ್ದು ಒಳಗೇ ಉಳಿದಿತ್ತು.

ಮಲ್ಲಣ್ಣ ತಂತಿಯನ್ನು ಉಜ್ಜಿ ಜೋಡಿಸಿ ಕೊಟ್ಟ. ನಾನು ಬೂದು ಕಾರನ್ನು ಹಲಗೆಗಿಟ್ಟು ಹೆಬ್ಬೆರಳು ಒತ್ತಿದೆ. ಅದು ನೀರಿನಂತೆ ಹರಿಯಿತು, ತಿರುವಿನಲ್ಲಿ ತುಸು ಮೈ ಬಾಗಿಸಿ ಮುಂದಿನ ನೇರಕ್ಕೆ ಓಡಿತು, ಸುತ್ತಿ ಸುತ್ತಿ ನನ್ನ ಮುಂದೆಯೇ ಬರುತ್ತಿತ್ತು. ನನ್ನ ಕಣ್ಣು ತುಂಬಿ ಕಾರು ಸರಿಯಾಗಿ ಕಾಣದಂತಾಯಿತು. ಆ ದಿನದ ಓಟದಲ್ಲಿ ನಾನು ಕಡೆಯವನಾಗಿ ಬಂದೆ, ಅಷ್ಟು ಸಂತೋಷದಿಂದ ಕಡೆಗೆ ಬಂದವನು ಆ ಕೋಣೆಯಲ್ಲಿ ಇನ್ನೊಬ್ಬನಿಲ್ಲ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಎದೆಯ ಮೇಲಿನ ಕಲ್ಲಿಳಿದ ಹಗುರದಲ್ಲಿ ಬಂದೆ. ಜೊತೆಗೆ ಅಪ್ಪನೂ ನೆನಪಾದ. ಬೆಳಕು, ಕಿಟಕಿ, ಕನ್ನಡಕ ಎಂದು ಅವನೂ ಒಂದೊಂದನ್ನೇ ಬದಲಿಸಿ ನೋಡಿದ್ದ. ಅವನ ಪಾಲಿಗೆ ಬಿಚ್ಚಿ ಉಜ್ಜಿ ಮತ್ತೆ ಜೋಡಿಸುವಂಥದು ಏನೂ ಸಿಗಲಿಲ್ಲ. ನನಗೆ ಸಿಕ್ಕಿದ್ದು ನನ್ನ ಜಾಣತನದಿಂದಲ್ಲ. ಟೀಚರ್ ಅವರ ವೈರು ಹರಿಯದೆ ಇದ್ದರೆ, ಡಾಕ್ಟರು ಏನೂ ಇಲ್ಲವೆಂದರೂ ನಾನು ಆ ಬಿಕ್ಕುವ ಕಾರನ್ನೇ ನಂಬುತ್ತಿದ್ದೆನೇನೋ.

ನೀಲಮ್ಮ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದಳು. ವಿಭೂತಿಯ ಕಥೆ ಹೇಳಿದೆ. ಅವಳಿಗೆ ನಗೆಯೂ ಬಂತು, ಸಿಟ್ಟೂ ಬಂತು.

"ಕಾರಿಗಿ ಕೈ ಹಚ್ಚಬ್ಯಾಡ ಅಂದಿದ್ರಿ, ಹಚ್ಚಿಲ್ಲ. ಮಾವಾರು ಮಿಷನ್ನಿಗಿಂತ ಮದ್ಲ ಕತ್ತರಿಗಿ ಪೂಜಿ ಮಾಡ್ತಿದ್ರು. ಕೈಯಾಗ ಹಿಡಿಯೋದಽ ಖರೇ ಆಯುಧ ಅಂತಿದ್ರು. ನಾನೂ ಹಂಗ ಮಾಡೀನಿ. ಅಷ್ಟಕ್ಕ ಇಷ್ಟ್ಯಾಕ ಮಾರಿ ಸಣ್ಣ ಮಾಡ್ಕೊಂಡು ಅಡ್ಡಾಡ್ತಿದ್ರಿ?"

ಇಷ್ಟರಲ್ಲೇ ನಕ್ಕು ಮುಗಿಸಬಹುದಿತ್ತು. ಆದರೆ ಬಿಗಿದ ಸ್ಕ್ರೂವನ್ನು ತುಸು ಸಡಿಲ ಬಿಡಬೇಕೆನ್ನಿಸಿತು. ಎಲ್ಲವನ್ನೂ ಹೇಳಿದೆ: ಬಸಿ ಬಿಟ್ಟದ್ದು, ಜೇಬಿಗೆ ಹಾಕಿಕೊಂಡ ಕೈ, ಕಲಬುರಗಿಯ ಸುಳ್ಳು. ಅವಳು ಮಡಚುವುದನ್ನು ನಿಲ್ಲಿಸಿದಳು.

"ಮಾವಾರಿಗಿ ಆಗಿತ್ತಲ್ಲ, ಅದು ಅಂದ್ಕೊಂಡಿದ್ರ್ಯಾ?"

"ಹೂಂ."

"ಇಷ್ಟ್ ದಿನ ಒಬ್ಬರಽ ಇಟ್ಕೊಂಡಿದ್ರ್ಯಾ?"

ನಾನು ಒಂದು ಅಂಗಿ ಎತ್ತಿಕೊಂಡು ಮಡಚತೊಡಗಿದೆ.

"ನಾಳಿ ಇಬ್ಬರೂ ಹೋಗೂಣ. ಏನೂ ಇಲ್ಲ ಅಂತ ಡಾಕ್ಟರ್ ಬಾಯಿಲೆ ನಾನೂ ಕೇಳಬೇಕು," ಎಂದಳು. ಆಮೇಲೆ, "ಕೈ ಕೊಡ್ರಿ ಇಲ್ಲಿ," ಎಂದು ನನ್ನ ಬಲಗೈಯನ್ನು ಎಳೆದುಕೊಂಡು ತನ್ನ ಅಂಗೈಯ ಮೇಲೆ ಬಿಡಿಸಿ ಇಟ್ಟುಕೊಂಡಳು. ಇಬ್ಬರೂ ಬಗ್ಗಿ ನೋಡಿದೆವು. ಕೈ ನಡುಗುತ್ತಿತ್ತು. ಆಮೇಲೆ ತಿಳಿಯಿತು, ನಡುಗುತ್ತಿದ್ದುದು ನನ್ನ ಕೈಯಲ್ಲ, ಅದರ ಕೆಳಗಿದ್ದ ಅವಳದು. ನಾನು ಅಷ್ಟು ದಿನ ಪಟ್ಟ ಹೆದರಿಕೆಯನ್ನೆಲ್ಲ ಅವಳು ಆ ಒಂದೇ ಕ್ಷಣದಲ್ಲಿ ಪಡುತ್ತಿದ್ದಳು. ಮಡಚದ ಬಟ್ಟೆಗಳ ನಡುವೆಯೇ ಕುಳಿತು, ಅವಳ ಕೈಯನ್ನು ನನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡೆ. ಅದು ನಿಲ್ಲುವವರೆಗೂ ಬಿಡಲಿಲ್ಲ.