ಬೊಜ್ಜದ ಕಂಪ್ಯೂಟರಿಗೆ ಬೇರೆ ಕೀಬೋರ್ಡು

ತಲ್ಲೂರು ಬಸ್‌ಸ್ಟಾಂಡಿನ ಎದುರು ಪೂಜಿತಾ ಕಾಗದ ಮುದ್ರಿಸುವ ಅಂಗಡಿ ಇಟ್ಟಿದ್ದಾಳೆ. ಬಂಗುಡೆ ಕೊಳ್ಳುವಾಗ ಒಂದೊಂದರ ಕಿವಿರೂ ಎತ್ತಿ ನೋಡುವ ಹೆಣ್ಣು. ಒಮ್ಮೆ ಅವಳ ನೋಟಕ್ಕೆ ಹೆದರಿ ಹಳಸಿದ ಮೀನೊಂದು ತಾನಾಗಿಯೇ ಬುಟ್ಟಿಯಿಂದ ಇಳಿದು ಹೋಯಿತು, ನಾನೇ ಕಂಡಿದ್ದೇನೆ.

ಅಂಗಡಿಯಲ್ಲಿ ಮೂರು ಕಂಪ್ಯೂಟರು. ಒಂದು ಮದುವೆ ಕಾಗದಕ್ಕೆ, ಒಂದು ಅರ್ಜಿ ತುಂಬಲು, ಗೋಡೆ ಬದಿಯದು ಬೊಜ್ಜದ, ಅಂದರೆ ಸತ್ತವರ ಉತ್ತರಕ್ರಿಯೆಯ ಕಾಗದಕ್ಕೆ ಮಾತ್ರ. ಸತ್ತವರ ಹೆಸರು ಕುಟ್ಟಿದಲ್ಲಿ ಮದುಮಕ್ಕಳ ಹೆಸರು ಕುಟ್ಟಬಾರದೆಂದು ಅವಳ ಗಿರಾಕಿಗಳ ಹಟ. ನನ್ನದೂ ಅದೇ. ಮೂರು ಕೀಬೋರ್ಡಿಗೂ ಚಾಚಿ ಚಾಚಿ ಅವಳ ಬಲ ಹೆಗಲು ಏಳದಾಯಿತು. ಒಂದೇ ಕೀಬೋರ್ಡು, ಒಂದೇ ಮೌಸಿನಲ್ಲಿ ಮೂರನ್ನೂ ನಡೆಸುವ ಸಾಫ್ಟ್‌ವೇರ್ ಇದೆ ಎಂದು ಅವಳ ತಮ್ಮ ರತನ್ ಹೇಳಿದ.

ಮೊದಲು ಹಾಕಿದ್ದು ಇಂಟರ್ನೆಟ್ ಕೊಡು, ಖಾತೆ ತೆರೆ ಎಂದಿತು.

"ನಮ್ ಮೇಜಿಂದ ನಮ್ ಮೇಜಿಗೆ ಹೋಪುಕೆ ಊರಾಚಿಯವ್ರ್ ಅಪ್ಪಣೆ ಎಂತಕೆ? ನಾನ್ ಒತ್ತಿದ್ ಅಕ್ಷರ ಎಲ್ಲ ಅವ್ರ್ ಕಂಡ್ರೆ?" ಎಂದು ಕಿತ್ತು ಹಾಕಿದಳು.

ಎರಡನೆಯದು ಅಂಗಡಿಯ ತಂತಿಯಲ್ಲೇ ಓಡುತ್ತಿತ್ತು. ಮೌಸನ್ನು ಅಂಚಿಗೆ ತಳ್ಳಿದರೆ ಬಾಣ ಪಕ್ಕದ ಪರದೆಯಲ್ಲಿ ಏಳುತ್ತಿತ್ತು. ಜೋರಾಗಿ ತಳ್ಳಿದರೆ ಬೈಂದೂರಲ್ಲಿ ಇಳಿದೀತು ಎಂದೆ. ಅವಳು ನಗಲಿಲ್ಲ, ತಂತಿಯ ತುದಿ ಎಲ್ಲಿಗೆ ಹೋಗಿದೆಯೆಂದು ಬಗ್ಗಿ ನೋಡಿದಳು.

ನಾನು ಹೋದದ್ದು ಮೊಮ್ಮಗಳು ವಿನಯಾಳ ಮದುವೆ ಕಾಗದಕ್ಕೆ. ಪೂಜಿತಾ ಕಾಗದದಲ್ಲಿ ಅಂಟಿಸಲೆಂದು ಮದುಮಗ ಪ್ರೇಮಾನಂದನ ಹೆಸರು ನಕಲು ಮಾಡಿಕೊಂಡಳು. ಅಷ್ಟರಲ್ಲಿ ತೀರಿಹೋದ ಐತನ ಮಗ ಬೊಜ್ಜದ ಕಾಗದಕ್ಕೆ ಬಂದ. ಬಾಣವನ್ನು ಗೋಡೆ ಬದಿಗೆ ದಾಟಿಸಿ, ಐತನ ಹೆಸರು ನಕಲು ಮಾಡಿ ಅವನ ಕೆಲಸ ಮುಗಿಸಿ ಕಳುಹಿಸಿದಳು. ಮರಳಿ ಬಂದು ನಮ್ಮ ಕಾಗದದಲ್ಲಿ ಅಂಟಿಸುವ ಗುಂಡಿ ಒತ್ತಿದರೆ, ಮದುಮಗನ ಜಾಗದಲ್ಲಿ ದಿವಂಗತ ಐತ. ನಕಲು ಮಾಡಿದ್ದನ್ನೂ ಆ ಸಾಫ್ಟ್‌ವೇರ್ ಹೊತ್ತು ತರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಬದುಕಿದ್ದಾಗಲೂ ಐತ ಕರೆಯದ ಮದುವೆ ಒಂದನ್ನೂ ಬಿಟ್ಟವನಲ್ಲ.

ಅವಳು ಪರದೆಗೆ ಕೈ ಅಡ್ಡ ಹಿಡಿದಳು. "ಅಜ್ಜಯ್ಯ, ಊರಿಗ್ ಗೊತ್ತಾರೆ ನಂಗೆ ಇನ್ನೊಂದ್ ಮದಿ ಕಾಗ್ದ ಬತ್ತಿಲ್ಲ."

ನಕಲು ದಾಟದಂತೆ ತಡೆಯುವ ಗುಂಡಿ ಸಿಕ್ಕಿತು. ಒತ್ತಿದಳು, ನಂಬಲಿಲ್ಲ. ಬೊಜ್ಜದ ಕಂಪ್ಯೂಟರನ್ನೇ ಆ ಸಾಫ್ಟ್‌ವೇರಿನಿಂದ ಹೊರಗಿಟ್ಟು, ಅದರ ಹಳೆಯ ಕೀಬೋರ್ಡು ತಂದು ಚುಚ್ಚಿದಳು. ಹೆಗಲು ನೋವು ಅರ್ಧ ಉಳಿಯಿತು.

ನಾನು ಮೌಸು ಹಿಡಿದು ಗೋಡೆ ಬದಿಗೆ ತಳ್ಳಿದೆ. ಬಾಣ ಅಂಚಿನಲ್ಲಿ ನಿಂತಿತು. ಮತ್ತೆ ತಳ್ಳಿದೆ, ನಿಂತಿತು.

"ಈಗ ಅಚ್ಚ್ ಹಾಕ್," ಎಂದೆ.

ಈಗ ಗಿರಾಕಿಗಳಿಗೆ ಆ ಬೇರೆ ಕೀಬೋರ್ಡು ತೋರಿಸಿ ಅವಳೇ ಈ ಕಥೆ ಹೇಳುತ್ತಾಳೆ. ಮದುವೆ ಕಾಗದ ಬರುತ್ತಲೇ ಇದೆ. ನಾನು ಮಾತ್ರ ವಿನಯಾಳ ಮದುವೆಯ ಊಟದಲ್ಲಿ ಪಂಕ್ತಿಯ ಕೊನೆಯ ಎಲೆಯನ್ನು ತಿರುತಿರುಗಿ ನೋಡಿದೆ. ಐತ ಯಾವಾಗಲೂ ಅಲ್ಲೇ ಕೂರುತ್ತಿದ್ದ.