ಆಪಿನ ಬಿಳಿ ಬುಡ

ದೇವಿಕೊಪ್ಪದ ಫಕೀರವ್ವನ ಮುತ್ತಜ್ಜ, ಕೆರೆಯ ಒಡ್ಡು ಬಿರುಕು ಬಿಟ್ಟ ವರ್ಷ ಎದೆಮಟ್ಟ ನೀರಲ್ಲಿ ನಿಂತು ಮಣ್ಣು ತುಂಬಿದ ಗಂಡು. ಅಜ್ಜ ರಾಮಪ್ಪ ಆ ಒಡ್ಡು ಮತ್ತೆ ಕೊಚ್ಚಿಹೋಗದಂತೆ ನೀರಿನಂಚಿಗೆಲ್ಲ ಆಪು ಎಂಬ ಜೊಂಡುಹುಲ್ಲು ನೆಟ್ಟ. ಅವ್ವ ಬಸಕ್ಕ ಆ ಆಪು ಕೊಯ್ದು ಚಾಪೆ ಹೆಣೆದಳು. ಕಲಘಟಗಿಯ ಬಣ್ಣದ ತೊಟ್ಟಿಲು ಕೊಂಡವರು ಒಳಗೆ ಹಾಸಲು ಬಸಕ್ಕನ ಚಾಪೆಯನ್ನೇ ಹುಡುಕಿಕೊಂಡು ಬರುತ್ತಿದ್ದರು.

ಹುಟ್ಟಿದ ಊರಲ್ಲೇ ಕೊಟ್ಟಿದ್ದರಿಂದ ಫಕೀರವ್ವನಿಗೆ ಕೆರೆಯೂ ತಪ್ಪಲಿಲ್ಲ, ಚಾಪೆಯೂ ತಪ್ಪಲಿಲ್ಲ. ಆಪು ಹಸಿರಿದ್ದರೆ ನೀರು ಹಸನು ಎಂಬುದು ಆ ಮನೆತನದ ಮಾತು. ಮೇಲಿನ ಹಳ್ಳದ ದಂಡೆಗೆ ಹಳೇ ಬ್ಯಾಟರಿ ಒಡೆಯುವ ಶೆಡ್ಡು ಬಂದ ಮೇಲೆ ಕೆರೆಯ ಮೀನು ಹೊಟ್ಟೆ ಮೇಲಾಗಿ ತೇಲಿದವು. ಆಪು ಮಾತ್ರ ಆಳೆತ್ತರ ಬೆಳೆಯಿತು.

"ಮೀನ ಸತ್ತಾವಲ್ಲ ಬೇ, ಈಗೇನಂತಿ?" ಎಂದು ನೆರೆಮನೆಯ ರಜಿಯಾಬಿ ಕೆಣಕಿದಳು.

"ಮೀನಿಗೇನ ತಿಳೀತೈತಿ? ನನ್ನ ಆಪು ನೋಡ!" ಮೀಸೆಯಿದ್ದಿದ್ದರೆ ತಿರುವುತ್ತಿದ್ದಳು ಫಕೀರವ್ವ.

ಚಾಪೆಗೆ ಬಾರದ ಬಿಳಿ ಬುಡವನ್ನು ಕಬ್ಬಿನಂತೆ ಜಗಿಯಲು ಮಕ್ಕಳ ಕೈಗಿಡುವುದು ಅವರ ರೂಢಿ. ಮೊಮ್ಮಗಳು ಮಲ್ಲಿಕಾ ದಿನವೂ ಜಗಿದಳು. ಹೆರಿಗೆಗೆಂದು ತವರಿಗೆ ಬಂದ ರಜಿಯಾಬಿಯ ಮಗಳಿಗೂ, ಬಸುರಿ ಬಯಕೆಯೆಂದು, ಫಕೀರವ್ವನೇ ಉಡಿಯಲ್ಲಿ ಒಯ್ದು ಕೊಟ್ಟಳು.

ಈಗ ಮಲ್ಲಿಕಾ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದಾಳೆ. ಹೊಟ್ಟೆ ಹಿಡಿದು ಒದ್ದಾಡಿದ ಕೂಸಿನ ರಕ್ತದಲ್ಲಿ ಸೀಸ ಸಿಕ್ಕಿದೆ. ಪರೀಕ್ಷೆಗೆ ಒಯ್ದ ಆಪಿನಲ್ಲೂ ಸಿಕ್ಕಿದೆ. ಕೂಸಿನ ಬಟ್ಟೆ ಒಯ್ಯಲು ಬಂದ ಸೊಸೆ ಸುನಿತಾ ಹೊಸ್ತಿಲಲ್ಲೇ ಹೇಳಿದಳು.

"ಆಪು ಸಾಯಂಗಿಲ್ಲಂತ್ರಿ ಅತ್ತಿ. ಇಸಾನೆಲ್ಲಾ ಬೇರಿನ್ಯಾಗ, ಬುಡದಾಗ ಬಿಗಿದಿಟಗೊಂಡು ಮ್ಯಾಲ ಹಸರಾಗೇ ಇರ್ತೈತಂತ."

ಫಕೀರವ್ವ ಇದ್ದಲ್ಲೇ ಕುಸಿದಳು. ಗೋಡೆಯಾಚೆ ರಜಿಯಾಬಿಯ ಮಗಳು ಯಾವುದಕ್ಕೋ ನಗುತ್ತಿದ್ದಳು. ಮಲ್ಲಿಕಾಳಿಗಾದರೆ ಹೊಟ್ಟೆನೋವೆಂದು ಅಳಲು ಬಾಯಿತ್ತು. ಹೊಟ್ಟೆಯೊಳಗಿನ ಕೂಸು ಯಾರಿಗೆ ಹೇಳೀತು?

"ಅಕೀನೂ ತಿಂದಾಳ, ಸುನಿತಾ," ಎಂದಳು. ಗೋಡೆಯತ್ತ ಕೈ ತೋರಿದಳು.

ಸುನಿತಾಳ ಕೈಯ ಬಟ್ಟೆ ಜಾರಿತು. "ಈಗಿಂದೀಗ ಅಕಿನ್ನೂ ಕರಕೊಂಡ ಹೋಗೂಣ್ರಿ, ರಕ್ತಾ ತೋರಸೂಣು. ನೀವ ಕುಂದರ್ರಿ, ನಾ ಹೋಗಿ ಹೇಳ್ತೀನಿ. ರಜಿಯಾಬಿ ಕಾಕಿ ನಿಮ್ಮನ್ನ ಜೀವಂತ ಬಿಡಂಗಿಲ್ಲ."

ಫಕೀರವ್ವ ಬಾಗಿಲು ಹಿಡಿದು ಎದ್ದಳು. ಸೊಸೆ ರಟ್ಟೆಗೆ ಕೈ ಹಾಕಿದಳು, ಅತ್ತೆ ಕೊಡವಿಕೊಂಡಳು.

"ಕೈ ಬಿಡ. ತಿನ್ನವಾ ಅಂತ ಉಡಿ ತುಂಬ ಒಯ್ದ ಕೊಟ್ಟಾಕಿ ನಾನು. ಬೈದ್ರ ಬೈಲಿ, ಹೊಡದ್ರ ಹೊಡೀಲಿ, ನಾನ ಹೇಳಾಕಿ. ನೀ ನನ್ನ ಹಿಂದ ಬರಬ್ಯಾಡ."